ಸಿಇಟಿ, ನೀಟ್ ಅಂಕ: ಯಾರಿಗೆ ತೋರಿಸಬೇಕು, ಯಾರಿಗೆ ಬೇಡ

ಫಲಿತಾಂಶದ ವಾರ ಬಂತೆಂದರೆ ನಮ್ಮ ಬೆಳ್ಳೂರಿನಲ್ಲಿ ಸಲಾಮ್ ಹೇಳಿದ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: “ಎಷ್ಟು ಬಂತು?” ಮಸೀದಿಯ ಮೆಟ್ಟಿಲ ಮೇಲೆ, ಕ್ರಾಸಿನ ಬಸ್ ನಿಲ್ದಾಣದಲ್ಲಿ, ವಲೀಮಾದ ಊಟದ ಸಾಲಿನಲ್ಲಿ ಇದೇ ಪ್ರಶ್ನೆ. ಕೇಳುವವರಲ್ಲಿ ಹೆಚ್ಚಿನವರು ಪ್ರೀತಿಯಿಂದಲೇ ಕೇಳುತ್ತಾರೆ. ಪಕ್ಕದ ಬಿ.ಜಿ. ನಗರದಲ್ಲಿ ವೈದ್ಯಕೀಯ, ಇಂಜಿನಿಯರಿಂಗ್, ಫಾರ್ಮಸಿ ಕಾಲೇಜುಗಳಿರುವ ಊರು ನಮ್ಮದು. ಬಿಳಿ ಕೋಟು ತೊಟ್ಟ ಮಕ್ಕಳನ್ನು ದಿನವೂ ನೋಡುವ ತಂದೆ ತಾಯಂದಿರಿಗೆ ತಮ್ಮ ಮಗುವೂ ಅಲ್ಲಿರಬೇಕೆಂಬ ಆಸೆ ಹುಟ್ಟುವುದು ಸಹಜ. ಆ ಆಸೆಯ ಜೊತೆಗೇ ಲೆಕ್ಕ ಕೇಳುವವರೂ ಹುಟ್ಟಿಕೊಳ್ಳುತ್ತಾರೆ.

ಕಳೆದ ಕೆಲವು ವರ್ಷಗಳಿಂದ ಫಲಿತಾಂಶದ ದಿನಗಳಲ್ಲಿ ನಮ್ಮಲ್ಲಿಗೆ ಬರುವ ಪ್ರಶ್ನೆಗಳು ಬದಲಾಗಿವೆ. ಮೊದಲು “ಯಾವ ಕಾಲೇಜು ಒಳ್ಳೆಯದು?” ಎಂದು ಕೇಳುತ್ತಿದ್ದವರು ಈಗ “ನಮ್ಮ ಹುಡುಗಿಯ ಅಂಕ ನಮಗಿಂತ ಮುಂಚೆ ಗ್ರೂಪಿನಲ್ಲಿ ಬಂದುಬಿಟ್ಟಿತು, ಹೇಗೆ?” ಎನ್ನುತ್ತಾರೆ. “ನಾವು ಯಾರಿಗೂ ಹೇಳಿಲ್ಲ, ಆದರೂ ಏಜೆಂಟ್ ಫೋನ್ ಮಾಡಿ ರ‍್ಯಾಂಕ್ ಸಮೇತ ಹೇಳಿದ” ಎನ್ನುತ್ತಾರೆ. ಹೀಗಾಗಿ ಈ ಸಂಚಿಕೆಯಲ್ಲಿ ಅಂಕಗಳು ಎಲ್ಲಿಂದ ಹೊರಬರುತ್ತವೆ, ಅದರಲ್ಲಿ ಎಷ್ಟು ನಮ್ಮ ಕೈಯಲ್ಲಿದೆ, ಎಷ್ಟು ಇಲ್ಲ ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ಕೈಯಲ್ಲಿಲ್ಲದ್ದು. ದ್ವಿತೀಯ ಪಿಯುಸಿ ಫಲಿತಾಂಶವನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಪ್ರಕಟಿಸುತ್ತದೆ. ನೋಡಲು ಬೇಕಾದದ್ದು ಎರಡು, ನೋಂದಣಿ ಸಂಖ್ಯೆ ಮತ್ತು ವಿಷಯಗಳ ವಿಭಾಗ. ವಿಜ್ಞಾನ, ವಾಣಿಜ್ಯ, ಕಲೆ ಇವುಗಳಲ್ಲಿ ಯಾವುದೆಂದು ಊರಿಗೆಲ್ಲ ಗೊತ್ತೇ ಇರುತ್ತದೆ. ನೋಂದಣಿ ಸಂಖ್ಯೆಯೂ ದೊಡ್ಡ ಗುಟ್ಟಲ್ಲ. ಒಂದೇ ಕಾಲೇಜಿನ ಮಕ್ಕಳ ಸಂಖ್ಯೆಗಳು ಸಾಮಾನ್ಯವಾಗಿ ಒಂದರ ಹಿಂದೆ ಒಂದು ಸಾಲಾಗಿ ಬರುತ್ತವೆ. ತನ್ನ ಸಂಖ್ಯೆ ಗೊತ್ತಿರುವ ಹುಡುಗ ಒಂದು ಕೂಡಿಸಿ, ಒಂದು ಕಳೆದು ಅಕ್ಕಪಕ್ಕದವರ ಅಂಕ ನೋಡಿಬಿಡಬಹುದು. ಎಸ್ಸೆಸ್ಸೆಲ್ಸಿಗೆ ಜನ್ಮ ದಿನಾಂಕವೂ ಬೇಕಾದ್ದರಿಂದ ಅಲ್ಲಿ ಬೀಗ ಸ್ವಲ್ಪ ಗಟ್ಟಿ. ಪಿಯುಸಿ ಅಂಕವನ್ನು ಪೂರ್ತಿ ಮುಚ್ಚಿಡಲು ಹೊರಡುವುದು ಬೇಲಿಯಿಲ್ಲದ ಹೊಲಕ್ಕೆ ಬಾಗಿಲು ಇಟ್ಟಂತೆ. ಅದಕ್ಕಾಗಿ ಜೀವ ತೇಯುವುದು ಬೇಡ.

ಇದು ಹೊಸದೇನೂ ಅಲ್ಲ. ಒಂದು ಕಾಲದಲ್ಲಿ ಪಾಸಾದವರ ನಂಬರುಗಳು ಪತ್ರಿಕೆಯಲ್ಲಿ ಸಾಲು ಸಾಲಾಗಿ ಅಚ್ಚಾಗುತ್ತಿದ್ದವು. ನಂಬರು ಇದ್ದರೆ ಪಾಸು, ಇಲ್ಲದಿದ್ದರೆ ಫೇಲು. ಆದರೆ ಅಲ್ಲಿ ಹೆಸರಿರಲಿಲ್ಲ, ಅಂಕವೂ ಇರಲಿಲ್ಲ. ಪತ್ರಿಕೆ ಹಿಡಿದವನಿಗೆ ನಿಮ್ಮ ನಂಬರು ಗೊತ್ತಿದ್ದರೆ ಮಾತ್ರ ನಿಮ್ಮ ಸುದ್ದಿ ಸಿಗುತ್ತಿತ್ತು. ಈಗಿನ ಸ್ಕೋರ್ ಕಾರ್ಡಿನ ಒಂದೇ ಹಾಳೆಯಲ್ಲಿ ಎಲ್ಲವೂ ಇದೆ.

ಪ್ರವೇಶ ಪರೀಕ್ಷೆಗಳ ವಿಷಯ ಬೇರೆ. ಸಿಇಟಿಯನ್ನು ನಡೆಸುವುದು ಬೆಂಗಳೂರು ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಇತ್ತೀಚಿನ ವರ್ಷಗಳಲ್ಲಿ ಅದರ ಫಲಿತಾಂಶ ನೋಡಲು ಅರ್ಜಿ ಸಂಖ್ಯೆ ಮತ್ತು ಅಭ್ಯರ್ಥಿಯ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಕೇಳಲಾಗುತ್ತಿದೆ. ನಮ್ಮ ಹುಡುಗರಲ್ಲಿ ಅದೆಷ್ಟೋ ಜನರಿಗೆ ಆ ನಾಲ್ಕು ಅಕ್ಷರ ಎಂ, ಒ, ಎಚ್, ಎ ಎಂದೇ ಇರುತ್ತದೆ! ಮೊಹಮ್ಮದ್ ಎಂದು ಶುರುವಾಗುವ ಹೆಸರುಗಳಿಗೆ ಈ ಎರಡನೆಯ ಬೀಗ ಬೀಗವೇ ಅಲ್ಲ. ಉಳಿಯುವುದು ಅರ್ಜಿ ಸಂಖ್ಯೆಯೊಂದೇ. ನೀಟ್ ಪರೀಕ್ಷೆಗೆ ಅರ್ಜಿ ಸಂಖ್ಯೆಯ ಜೊತೆ ಜನ್ಮ ದಿನಾಂಕವನ್ನು ಕೇಳಿದ್ದೂ ಉಂಟು. ಜನ್ಮ ದಿನಾಂಕವಂತೂ ಆಧಾರ್ ಪ್ರತಿಯಲ್ಲಿ, ಶಾಲೆಯ ಟಿಸಿಯಲ್ಲಿ, ಹುಟ್ಟುಹಬ್ಬದ ಸ್ಟೇಟಸ್‌ನಲ್ಲಿ ಎಲ್ಲೆಡೆ ಬಿದ್ದಿರುತ್ತದೆ. ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ ಕಾಮೆಡ್-ಕೆ ಪರೀಕ್ಷೆಗೆ ಮಾತ್ರ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಇದೆ.

ಆದ್ದರಿಂದ ಕಾಪಾಡಬೇಕಾದ ವಸ್ತು ಅರ್ಜಿ ಸಂಖ್ಯೆ. ಅದು ಹೊರಬೀಳುವ ದಾರಿಗಳನ್ನು ನೋಡೋಣ.

ನಮ್ಮ ಊರುಗಳಲ್ಲಿ ಅರ್ಜಿ ತುಂಬುವುದು ಹೆಚ್ಚಾಗಿ ಸೈಬರ್ ಸೆಂಟರಿನಲ್ಲಿ ಅಥವಾ ಝೆರಾಕ್ಸ್ ಅಂಗಡಿಯಲ್ಲಿ. ಅಪ್ಪ ಕೆಲಸಕ್ಕೆ ಹೋಗಿರುತ್ತಾರೆ, ಮಗಳ ಹತ್ತಿರ ಫೋನ್ ಇರುವುದಿಲ್ಲ, ಅಂಗಡಿಯವನು “ನನ್ನ ನಂಬರೇ ಹಾಕ್ತೀನಿ ಬಿಡಿ” ಎನ್ನುತ್ತಾನೆ. ಅಲ್ಲಿಗೆ ಒಟಿಪಿ, ಸಂದೇಶ, ಪಾಸ್‌ವರ್ಡ್ ಬದಲಾಯಿಸುವ ಅಧಿಕಾರ ಎಲ್ಲವೂ ಅವನ ಜೇಬಿಗೆ ಹೋಯಿತು. ಅವನು ಒಳ್ಳೆಯವನೇ ಇರಬಹುದು. ಆದರೆ ಆ ಸಿಮ್ ನಾಳೆ ಯಾರ ಕೈಯಲ್ಲಿರುತ್ತದೋ? ನಾವು ಹೇಳುವುದು ಇಷ್ಟು: ಅರ್ಜಿಗೆ ಕೊಡುವ ಮೊಬೈಲ್ ನಂಬರು ಮತ್ತು ಇಮೇಲ್ ಮನೆಯವರದೇ ಆಗಿರಲಿ. ಕೌನ್ಸೆಲಿಂಗ್ ಮುಗಿದು ಮಗು ಕಾಲೇಜು ಸೇರುವವರೆಗೆ, ಅಂದರೆ ಸುಮಾರು ಒಂದು ವರ್ಷ, ಆ ನಂಬರನ್ನು ಬದಲಾಯಿಸಬೇಡಿ, ರೀಚಾರ್ಜ್ ತಪ್ಪಿಸಬೇಡಿ.

ಪ್ರಿಂಟ್ ತೆಗೆಸಲು ಅಂಗಡಿಯವನ ವಾಟ್ಸಾಪ್‌ಗೆ ಹಾಳೆ ಕಳಿಸುವುದು ಇನ್ನೊಂದು ದಾರಿ. ಅದು ಅವನ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಉಳಿಯುತ್ತದೆ. ಮುಂದಿನ ಗಿರಾಕಿ ತನ್ನ ಫೈಲ್ ಹುಡುಕುವಾಗ ನಿಮ್ಮ ಮಗಳ ಕಾರ್ಡನ್ನೂ ತೆರೆದು ನೋಡುತ್ತಾನೆ. ಪ್ರಿಂಟ್ ಕೈಗೆ ಬಂದ ಕೂಡಲೇ ಎದುರಿಗೇ ನಿಂತು ಅಳಿಸಲು ಕೇಳಿ. ಇದರಲ್ಲಿ ಸಂಕೋಚ ಬೇಡ. ನಾವು ಕೇಳಿದಾಗ ಬೇಸರ ಮಾಡಿಕೊಂಡ ಅಂಗಡಿಯವರನ್ನು ಇದುವರೆಗೆ ಕಂಡಿಲ್ಲ. ಸೆಂಟರಿನ ಕಂಪ್ಯೂಟರಿನಲ್ಲಿ ನೀವೇ ಕೂತು ನೋಡಿದರೆ ಲಾಗ್‌ಔಟ್ ಮಾಡಿ, ಡೌನ್‌ಲೋಡ್ ಆದ ಪ್ರತಿಯನ್ನು ಅಳಿಸಿ ಏಳಿ.

ಮೂರನೆಯ ದಾರಿ ನಾವೇ ತೆರೆಯುವಂಥದ್ದು. ಸಂತೋಷಕ್ಕೆ ನೀಟ್ ಸ್ಕೋರ್ ಕಾರ್ಡನ್ನೇ ಸ್ಟೇಟಸ್‌ಗೆ ಹಾಕುವುದು. ಆ ಹಾಳೆಯಲ್ಲಿ ಅಂಕವಷ್ಟೇ ಇಲ್ಲ. ಅರ್ಜಿ ಸಂಖ್ಯೆ, ರೋಲ್ ನಂಬರ್, ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಜನ್ಮ ದಿನಾಂಕ, ಮೀಸಲಾತಿ ವರ್ಗ ಎಲ್ಲವೂ ಇವೆ. ಮುಂದೆ ಕೌನ್ಸೆಲಿಂಗ್ ನೋಂದಣಿಯಲ್ಲಿ ಕೇಳುವ ವಿವರಗಳಲ್ಲಿ ಹೆಚ್ಚಿನವು ಇವೇ. ಮನೆಯ ಬೀಗದ ಕೈಯ ಫೋಟೋ ತೆಗೆದು ಊರಿಗೆ ಹಂಚಿದಂತಾಯಿತು. ಹೇಳಲೇಬೇಕೆಂದರೆ ಅಂಕವನ್ನು ಮಾತಿನಲ್ಲಿ ಬರೆಯಿರಿ, ಹಾಳೆಯ ಚಿತ್ರ ಬೇಡ. ಹಾಲ್ ಟಿಕೆಟ್ ಹಿಡಿದು ಪರೀಕ್ಷಾ ಕೇಂದ್ರದ ಮುಂದೆ ತೆಗೆಸಿಕೊಳ್ಳುವ ಫೋಟೋಗೂ ಇದೇ ಮಾತು.

ಬೀಗದ ಕೈ ಕಳೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. 2024ರ ಕೊನೆಯಲ್ಲಿ ಬೆಂಗಳೂರಿನ ಮಲ್ಲೇಶ್ವರಂ ಪೊಲೀಸರು ಇಂಜಿನಿಯರಿಂಗ್ ಸೀಟ್ ಬ್ಲಾಕಿಂಗ್ ಪ್ರಕರಣದಲ್ಲಿ ಹಲವರನ್ನು ಬಂಧಿಸಿದರು. ಸೀಟಿನ ಆಸಕ್ತಿ ಬಿಟ್ಟಿದ್ದ ವಿದ್ಯಾರ್ಥಿಗಳ ಲಾಗಿನ್ ವಿವರ ಪಡೆದು, ಅವರ ಹೆಸರಿನಲ್ಲಿ ಬೇಡಿಕೆಯ ಸೀಟುಗಳನ್ನು ಹಿಡಿದಿಟ್ಟರು ಎಂಬುದು ಅಲ್ಲಿನ ಆರೋಪ. ಬಂಧಿತರಲ್ಲಿ ಪ್ರಾಧಿಕಾರದಲ್ಲೇ ಕೆಲಸ ಮಾಡುತ್ತಿದ್ದವನೂ ಇದ್ದ. “ನಮ್ಮ ಹುಡುಗನಿಗೆ ಸೀಟೇ ಬೇಡ, ಪಾಸ್‌ವರ್ಡ್ ಯಾರಿಗೆ ಗೊತ್ತಾದರೇನು” ಎನ್ನುವವರು ಇದನ್ನು ನೆನಪಿಡಬೇಕು. ಸೀಟು ಬೇಡವಾದವನ ಲಾಗಿನ್ನೇ ಅವರಿಗೆ ಬೇಕಾಗಿತ್ತು.

ರ‍್ಯಾಂಕ್ ಬಗ್ಗೆಯೂ ಒಂದು ಮಾತು. ಅಂಕಕ್ಕಿಂತ ರ‍್ಯಾಂಕ್ ಹೇಳುವುದು ಕ್ಷೇಮ ಎಂದು ಕೆಲವರು ತಿಳಿದಿದ್ದಾರೆ. ಇಂಜಿನಿಯರಿಂಗ್ ಸಿಇಟಿಯಲ್ಲಿ ಅದು ಸ್ವಲ್ಪ ಮಟ್ಟಿಗೆ ನಿಜ. ಅಲ್ಲಿ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಅರ್ಧ ತೂಕ. ರ‍್ಯಾಂಕ್ ನೋಡಿ ಯಾವುದರಲ್ಲಿ ಎಷ್ಟು ಬಂತೆಂದು ಲೆಕ್ಕ ಹಾಕಲಾಗದು. ಆದರೆ ನೀಟ್‌ನಲ್ಲಿ ಹಾಗಲ್ಲ. ಅಖಿಲ ಭಾರತ ಕೋಟಾದ ಸೀಟು ಹಂಚಿಕೆಯ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ಹೆಸರಿಲ್ಲ, ರ‍್ಯಾಂಕ್ ಇದೆ, ಅದರ ಎದುರಿಗೆ ಕಾಲೇಜು, ಕೋರ್ಸು, ವರ್ಗ ಇದೆ. ನಿಮ್ಮ ರ‍್ಯಾಂಕ್ ಗೊತ್ತಿರುವವನಿಗೆ ನಿಮ್ಮ ಮಗ ಎಲ್ಲಿ ಸೇರಿದ, ಯಾವ ಸುತ್ತಿನಲ್ಲಿ ಸಿಕ್ಕಿತು ಎಲ್ಲವೂ ಗೊತ್ತು.

ಈ ಹೆಸರು ಮತ್ತು ಅಂಕದ ನಂಟಿನ ಬಗ್ಗೆ ದೇಶವೇ ಯೋಚಿಸಬೇಕಾಗಿ ಬಂದದ್ದು 2024ರಲ್ಲಿ. ಆ ವರ್ಷ ಮೇ 5ರಂದು ನಡೆದ ನೀಟ್ ಪರೀಕ್ಷೆಯನ್ನು 23 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದಿದ್ದರು. ಜೂನ್ 4ರಂದು ಫಲಿತಾಂಶ ಬಂದಾಗ 67 ಮಕ್ಕಳಿಗೆ 720ಕ್ಕೆ 720 ಅಂಕ. ಪ್ರಶ್ನೆಪತ್ರಿಕೆ ಸೋರಿಕೆಯ ದೂರು, ಕೃಪಾಂಕದ ಗೊಂದಲ, ಬೀದಿಯಲ್ಲಿ ಪ್ರತಿಭಟನೆ. ಎಲ್ಲ ಅಂಕಗಳನ್ನೂ ಬಹಿರಂಗಪಡಿಸಿ ಎಂಬ ಬೇಡಿಕೆ ಸುಪ್ರೀಂ ಕೋರ್ಟಿಗೆ ಹೋಯಿತು. ಒಂದು ಕಡೆ ಲಕ್ಷಾಂತರ ಮಕ್ಕಳಿಗೆ ನ್ಯಾಯವಾಗಿದೆಯೇ ಎಂದು ತಿಳಿಯುವ ಹಕ್ಕು, ಇನ್ನೊಂದು ಕಡೆ ಒಬ್ಬೊಬ್ಬ ಮಗುವಿನ ಮಾನ. ಜುಲೈ 18ರಂದು ಕೋರ್ಟು ಹೇಳಿದ್ದು ಎರಡನ್ನೂ ಉಳಿಸುವ ಮಾತು: ನಗರವಾರು, ಕೇಂದ್ರವಾರು ಎಲ್ಲರ ಅಂಕ ಪ್ರಕಟಿಸಿ, ಆದರೆ ಯಾವ ವಿದ್ಯಾರ್ಥಿಯ ಗುರುತೂ ತಿಳಿಯದಂತೆ ಮರೆಮಾಚಿ. ಜುಲೈ 20ರಂದು ಹಾಗೆಯೇ ಪಟ್ಟಿ ಬಂತು. ಯಾವ ಊರಿನ ಯಾವ ಕೇಂದ್ರದಲ್ಲಿ ಎಷ್ಟು ಅಂಕಗಳು ಬಂದಿವೆ ಎಂದು ಯಾರು ಬೇಕಾದರೂ ಪರಿಶೀಲಿಸಿದರು. ಆದರೆ ಪಟ್ಟಿಯಲ್ಲಿ 180 ಎಂದು ಇದ್ದ ಮಗು ಯಾರದೆಂದು ಅದನ್ನು ನೋಡಿ ಹೇಳುವಂತಿರಲಿಲ್ಲ. ಪರೀಕ್ಷೆ ರದ್ದಾಗಲಿಲ್ಲ. ಜುಲೈ 23ರಂದು ಕೋರ್ಟು ಮರುಪರೀಕ್ಷೆಯ ಬೇಡಿಕೆಯನ್ನು ನಿರಾಕರಿಸಿತು. ಪರಿಷ್ಕೃತ ಫಲಿತಾಂಶದಲ್ಲಿ ಪೂರ್ಣಾಂಕದವರ ಸಂಖ್ಯೆ 17ಕ್ಕೆ ಇಳಿಯಿತು.

ಆ ಪೀಠದ ನೇತೃತ್ವ ವಹಿಸಿದ್ದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರೇ 2017ರ ಆಗಸ್ಟ್ 24ರ ಖಾಸಗಿತನದ ತೀರ್ಪಿನಲ್ಲಿ ಮುಖ್ಯ ಅಭಿಪ್ರಾಯ ಬರೆದವರು. ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಹೇಳಿದ ಆ ಮೊಕದ್ದಮೆಯನ್ನು ಹೂಡಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಅವರು ಈ ಕೆಲಸಕ್ಕೆ ಕೈ ಹಾಕಿದ್ದರು. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ಪ್ರಕಾರ 18 ತುಂಬದವರು ಮಕ್ಕಳು. ಅವರ ವಿವರ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಕಟ್ಟುಪಾಡುಗಳು ಹಂತ ಹಂತವಾಗಿ ಜಾರಿಗೆ ಬರಲಿವೆ.

ಕಾಯ್ದೆಯ ದೊಡ್ಡ ಮಾತು ಹಾಗಿರಲಿ, ನಮ್ಮ ಮನೆಗಳಿಗೆ ಇಂದೇ ಉಪಯೋಗಕ್ಕೆ ಬರುವ ನಿಯಮ ಕೋಚಿಂಗ್ ಸೆಂಟರುಗಳದ್ದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್ 13ರಂದು ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿತು. ವಿದ್ಯಾರ್ಥಿಯ ಹೆಸರು, ಫೋಟೋ, ಮೆಚ್ಚುಗೆಯ ಮಾತನ್ನು ಜಾಹೀರಾತಿನಲ್ಲಿ ಬಳಸಲು ಲಿಖಿತ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನು ಆಯ್ಕೆಯಾದ ಮೇಲೆಯೇ ಪಡೆಯಬೇಕು, ಸೇರುವಾಗ ಫೀಸಿನ ರಸೀದಿಯ ಜೊತೆ ಸಹಿ ಹಾಕಿಸಿಕೊಂಡದ್ದು ನಡೆಯದು. ಹೆದ್ದಾರಿಯ ಬದಿಯ ಫ್ಲೆಕ್ಸಿನಲ್ಲಿ ಮಗಳ ಫೋಟೋ ಕೇಳದೆಯೇ ಏರಿದೆ ಎಂದು ಒಬ್ಬ ತಂದೆ ನಮ್ಮಲ್ಲಿ ನೋವು ತೋಡಿಕೊಂಡಿದ್ದರು. ಅವರಿಗೆ ಅಂಕದ ಬಗ್ಗೆ ಹೆಮ್ಮೆಯೇ ಇತ್ತು, ಬೇಸರವಾದದ್ದು ಯಾರೂ ಕೇಳಲಿಲ್ಲವಲ್ಲ ಎಂದು. ಇಂಥದ್ದಕ್ಕೆ ಮೊದಲು ಸಂಸ್ಥೆಗೆ ಬರೆದು ಕೊಡಿ, ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೇ ವರ್ಷದ ಜನವರಿಯಲ್ಲಿ ಶಿಕ್ಷಣ ಸಚಿವಾಲಯ ಹೊರಡಿಸಿದ ಕೋಚಿಂಗ್ ಮಾರ್ಗಸೂಚಿಯೂ ಒಂದಿದೆ. ಸೆಂಟರಿನೊಳಗೆ ನಡೆಸುವ ಪರೀಕ್ಷೆಗಳ ಅಂಕವನ್ನು ಬಹಿರಂಗಪಡಿಸಬಾರದು, ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚಿಗೆ ಹಾಕಬಾರದು ಎಂದು ಅದು ಹೇಳುತ್ತದೆ. ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿ ವಾರ ಮೊದಲಿನಿಂದ ಕೊನೆಯವರೆಗೆ ಅಂಕದ ಪಟ್ಟಿ ಹಾಕುವ ಸೆಂಟರುಗಳಿಗೆ ಇದನ್ನು ನೆನಪಿಸಬಹುದು. ಕೊನೆಯ ಸಾಲಿನ ಮಗುವಿನ ತಾಯಿಯೂ ಅದೇ ಗ್ರೂಪಿನಲ್ಲಿ ಇರುತ್ತಾಳೆ.

ಹೊರದೇಶಗಳಲ್ಲೂ ಇದೇ ಚಿಂತೆ. ಚೀನಾದ ಶಿಕ್ಷಣ ಸಚಿವಾಲಯ ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಮೊದಲಿಗರಾದವರನ್ನು ಪ್ರಚಾರ ಮಾಡುವುದನ್ನೇ ತಡೆದಿದೆ. ಅಮೆರಿಕದಲ್ಲಿ 1974ರ ಕಾನೂನಿನ ಪ್ರಕಾರ 18 ತುಂಬಿದ ವಿದ್ಯಾರ್ಥಿಯ ದಾಖಲೆಗಳ ಹಕ್ಕು ತಂದೆ ತಾಯಿಯಿಂದ ಅವನಿಗೇ ವರ್ಗವಾಗುತ್ತದೆ. ಅಲ್ಲಿಯ ಸ್ಯಾಟ್ ಪರೀಕ್ಷೆಯನ್ನು ಹಲವು ಬಾರಿ ಬರೆದವರು ಯಾವ ದಿನದ ಅಂಕವನ್ನು ಕಾಲೇಜಿಗೆ ಕಳಿಸಬೇಕೆಂದು ಆರಿಸಿಕೊಳ್ಳಲೂಬಹುದು, ಕಾಲೇಜು ಎಲ್ಲವನ್ನೂ ಕೇಳದಿದ್ದರೆ. ನಮ್ಮಲ್ಲಿ ಆ ಆಯ್ಕೆಯಿಲ್ಲ. ತಂದೆ ತಾಯಿಗೇ ತೋರಿಸದಿರುವ ಹಕ್ಕು ನಮ್ಮ ಮನೆಗಳಿಗೆ ಒಗ್ಗುವ ಮಾತೆಂದು ನಮಗೆ ಅನಿಸುವುದಿಲ್ಲ. ಆದರೆ ತಂದೆ ತಾಯಿ ನೋಡಿದ್ದು ಚಾಚಾ, ಫುಫ್ಫು, ಖಾಲಾ ಎಲ್ಲರಿಗೂ ತಾನಾಗಿಯೇ ಹೋಗಬೇಕಿಲ್ಲ. ಹದಿನೆಂಟರ ಹೊಸ್ತಿಲಲ್ಲಿರುವ ಮಗುವನ್ನು ಒಮ್ಮೆ ಕೇಳಿ: “ಮಾಮೂಗೆ ಹೇಳಲಾ?” ಅಷ್ಟು ಕೇಳಿದ್ದಕ್ಕೇ ಮಗುವಿನ ಮುಖ ಎಷ್ಟು ಸಡಿಲವಾಗುತ್ತದೆಂದು ನೀವೇ ನೋಡುವಿರಿ.

ಇಲ್ಲಿ ದೀನಿನ ಮಾತೂ ಬರುತ್ತದೆ. ಅಮಾನತ್ತಿನ ಬಗ್ಗೆ ನಾವು ಪ್ರಕಟಿಸಿದ ಖುತ್ಬಾ ಸಾರಾಂಶಗಳನ್ನು ಓದಿದವರಿಗೆ ಇದು ಹೊಸದಲ್ಲ. ಸೂರಃ ಅಲ್ ಹುಜುರಾತ್‌ನ ಹನ್ನೆರಡನೆಯ ಆಯತ್‌ನಲ್ಲಿ ಅನುಮಾನ, ಇತರರ ಗುಟ್ಟು ಕೆದಕುವುದು, ಬೆನ್ನ ಹಿಂದೆ ಆಡಿಕೊಳ್ಳುವುದು ಈ ಮೂರರಿಂದಲೂ ತಡೆಯಲಾಗಿದೆ. ಫಲಿತಾಂಶದ ವಾರದ ಮಾತುಕತೆ ನಡೆಯುವುದೂ ಇದೇ ಅನುಕ್ರಮದಲ್ಲಿ. “ಅವರು ಹೇಳ್ತಿಲ್ಲ ಅಂದ್ರೆ ಕಡಿಮೆ ಬಂದಿರಬೇಕು” ಎಂಬ ಅನುಮಾನ ಮೊದಲು. ಆಮೇಲೆ ಯಾರದೋ ಮಗನ ಫೋನಿನಲ್ಲಿ ನಂಬರು ಹಾಕಿ ನೋಡುವುದು. ಕೊನೆಗೆ ಚಹಾದ ಜೊತೆ ಗೀಬತ್. ಅಂಕ ಹೇಳದಿರುವುದು ಸುಳ್ಳಲ್ಲ ಎಂಬುದನ್ನೂ ಮಕ್ಕಳಿಗೆ ತಿಳಿಸಬೇಕು. “ಅಲ್ಹಮ್ದುಲಿಲ್ಲಾಹ್, ಆಯ್ತು ಚಾಚಾ, ದುಆ ಮಾಡಿ” ಎಂದರೆ ಅದೊಂದು ಪೂರ್ತಿ ಉತ್ತರ. ಆದರೆ 310 ಬಂದದ್ದನ್ನು 410 ಎಂದು ಹೇಳುವುದು ಬೇರೆ. ಕಾರ್ಡನ್ನೇ ತಿದ್ದಿ ತೋರಿಸುವುದಂತೂ ಅಪರಾಧ, ಪ್ರವೇಶದ ವೇಳೆ ಮೂಲ ದಾಖಲೆಯೊಂದಿಗೆ ತಾಳೆ ನೋಡಿದಾಗ ನಿಲ್ಲುವುದೂ ಇಲ್ಲ.

ಕೆಲವರಿಗೆ ಮಾತ್ರ ಅಡಗಿಸದೆ ತೋರಿಸಲೇಬೇಕು. ದಾಖಲೆ ಪರಿಶೀಲನೆಯಲ್ಲಿ ಪ್ರಾಧಿಕಾರಕ್ಕೆ, ಪ್ರವೇಶದಲ್ಲಿ ಕಾಲೇಜಿಗೆ, ಅರಿವು ಸಾಲಕ್ಕೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಕ್ಕೆ, ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಕೇಳಿದಷ್ಟಕ್ಕೆ, ಬ್ಯಾಂಕಿನ ಸಾಲಕ್ಕೆ. ಸಂಕೋಚದಿಂದ ಕಾರ್ಡು ಕೊಡದೆ ಅರಿವು ಸಾಲದ ಕೊನೆಯ ದಿನ ತಪ್ಪಿಸಿಕೊಂಡರೆ ನಷ್ಟ ನಮ್ಮದೇ. ಕೊಡುವ ಝೆರಾಕ್ಸ್ ಪ್ರತಿಯ ಮೇಲೆ ಅಡ್ಡಲಾಗಿ “ಅರಿವು ಸಾಲದ ಅರ್ಜಿಗೆ ಮಾತ್ರ” ಎಂದು ಬರೆದು ದಿನಾಂಕ ಹಾಕಿ, ಅಕ್ಷರಗಳ ಮೇಲೆ ಬಾರದಂತೆ. ಆ ಪ್ರತಿ ಬೇರೆಡೆ ತಿರುಗಿದರೆ ಎಲ್ಲಿಂದ ಹೋಯಿತೆಂದು ತಿಳಿಯುತ್ತದೆ. 2ಬಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನೂ ಇಷ್ಟೇ ಜೋಪಾನ ಮಾಡಿ. ಅದು ಪ್ರವೇಶದ ಅರ್ಜಿಯಲ್ಲೂ ವಿದ್ಯಾರ್ಥಿವೇತನದಲ್ಲೂ ಬಳಕೆಯಾಗುವ ಸಂಖ್ಯೆ.

ಇನ್ನು “ನಿಮ್ಮ ಮಗಳ ರ‍್ಯಾಂಕ್ ಇಷ್ಟು, ಮ್ಯಾನೇಜ್‌ಮೆಂಟ್ ಸೀಟು ಕೊಡಿಸ್ತೀನಿ, ಇವತ್ತೇ ಮುಂಗಡ ಹಾಕಿ” ಎಂಬ ಕರೆಗಳು. ರ‍್ಯಾಂಕ್ ಸರಿಯಾಗಿ ಹೇಳಿದನೆಂದ ಮಾತ್ರಕ್ಕೆ ಅವನು ಇಲಾಖೆಯವನಲ್ಲ. ಅದು ಹೇಗೆ ತಿಳಿಯುತ್ತದೆಂದು ಮೇಲೆ ನೋಡಿದ್ದೇವೆ. ಒಟಿಪಿ ಕೇಳಿದರೆ ಕರೆ ಕತ್ತರಿಸಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ತಿಳಿಸಿ.

ಜಮಾಅತ್‌ಗಳ ಪ್ರತಿಭಾ ಪುರಸ್ಕಾರದ ಬಗ್ಗೆ ನಮ್ಮ ಅಭಿಪ್ರಾಯ ಕೆಲವರಿಗೆ ಹಿಡಿಸದಿರಬಹುದು. ಸನ್ಮಾನ ಬೇಕು, ಅದರಿಂದ ಚಿಕ್ಕ ಮಕ್ಕಳಿಗೆ ಹುಮ್ಮಸ್ಸು ಬರುತ್ತದೆ. ಆದರೆ ಹೆಸರಿನ ಎದುರು ಅಂಕ ಓದಿ ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸುವ ಪದ್ಧತಿ ಬೇಕೇ? ಅರ್ಜಿ ತೆಗೆದುಕೊಳ್ಳುವಾಗಲೇ ಒಂದು ಸಾಲು ಸೇರಿಸಬಹುದು: ಹೆಸರು ಓದಬಹುದೇ, ಅಂಕ ಓದಬಹುದೇ, ಫೋಟೋ ಗ್ರೂಪಿಗೆ ಹಾಕಬಹುದೇ? ಮೂರಕ್ಕೂ ಬೇರೆ ಬೇರೆ ಹೌದು ಅಥವಾ ಬೇಡ, ಕೆಳಗೆ ವಿದ್ಯಾರ್ಥಿಯ ಮತ್ತು ಪೋಷಕರ ಸಹಿ. ಹುಡುಗಿಯರ ಮನೆಗಳಿಂದ ಫೋಟೋ ಬೇಡ ಎಂಬ ಉತ್ತರ ಹೆಚ್ಚು ಬರಬಹುದು, ಅದನ್ನು ಗೌರವಿಸಿದರೆ ಮುಂದಿನ ವರ್ಷ ಅರ್ಜಿಗಳೂ ಹೆಚ್ಚು ಬರುತ್ತವೆ. ಅಂಕ ಕಡಿಮೆ ಬಂದ ಮಕ್ಕಳಿಗಾಗಿ ಅದೇ ದಿನ ಡಿಪ್ಲೊಮಾ, ನರ್ಸಿಂಗ್, ಐಟಿಐ, ಮರುಪರೀಕ್ಷೆಯ ದಾರಿ ಹೇಳುವ ಒಂದು ಮೇಜು ಪಕ್ಕದ ಕೋಣೆಯಲ್ಲಿರಲಿ. ಅಲ್ಲಿ ಹೆಸರು ಬರೆಸುವ ಪುಸ್ತಕ ಬೇಡ.

ಯಾವುದಾದರೂ ಮನೆಯಲ್ಲಿ ಫಲಿತಾಂಶದ ನಂತರ ಮಗು ಊಟ ಬಿಟ್ಟು, ಮಾತು ಬಿಟ್ಟು ಕೋಣೆ ಸೇರಿದ್ದರೆ ಅಂಕದ ಗುಟ್ಟಿನ ಚಿಂತೆಯನ್ನು ಬದಿಗಿಡಿ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.